ಗೇಣು ಹೊಟ್ಟೆ, ಗೇಣು ಮಣ್ಣು

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯಾಧ್ಯಾಪಿಕೆಯವರು ಮಾಡಿದ ಭಾಷಣದ ಲಿಖಿತ ರೂಪ)



ಶಾಲೆಗೆ ನೂರು ವರ್ಷ ತುಂಬಿದ ಈ ಸಂದರ್ಭದಲ್ಲಿ ಕಟ್ಟಡದ ಬಗ್ಗೆ, ಫಲಿತಾಂಶದ ಬಗ್ಗೆ, ಇಲ್ಲಿ ಕಲಿತು ಹೆಸರು ಪಡೆದವರ ಬಗ್ಗೆ ಮಾತನಾಡುವುದು ರೂಢಿ. ಆ ಮಾತುಗಳನ್ನು ಹಿರಿಯರು ಈಗಾಗಲೇ ಸೊಗಸಾಗಿ ಆಡಿದ್ದಾರೆ. ನಾವು ಇಂದು ಆರಿಸಿಕೊಂಡ ವಿಷಯ ಈ ಕಟ್ಟಡದ ಬುನಾದಿಗಿಂತಲೂ ಕೆಳಗಿನದು. ಅದು ಉಮದಿಯ ನೆಲ. ಊರಿನ ಸುತ್ತಲ ಮಡ್ಡಿ, ಮಾಳ, ಗಾಯರಾನಗಳ ಮೇಲೆ ಗೇಣುದ್ದ ಮಾತ್ರ ಹೊದ್ದುಕೊಂಡಿರುವ ಕಪ್ಪು ಜಿಗಟು ಮಣ್ಣು. ಶಾಲೆಗೂ ಮಣ್ಣಿಗೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ಆ ಸಂಬಂಧ ಕಾಣುತ್ತದೆ. ದೀಪಾವಳಿ ಕಳೆದ ಮೇಲೆ ಯಾವ ಯಾವ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತದೆಯೋ, ಆ ಮಕ್ಕಳ ಮನೆಯ ಹೊಲದ ಮಣ್ಣು ಬಹುಮಟ್ಟಿಗೆ ಗೇಣಿಗಿಂತ ಆಳವಿರುವುದಿಲ್ಲ. ಆ ಮಕ್ಕಳು ತಂದೆತಾಯಿಯರೊಡನೆ ಕಬ್ಬು ಕಡಿಯಲು ಕೃಷ್ಣಾ ತೀರಕ್ಕೆ ಹೋಗಿರುತ್ತಾರೆ. ಆದ್ದರಿಂದ ಮಣ್ಣಿನ ಮಾತು ನಮಗೆ ಶಾಲೆಯ ಮಾತೇ ಆಗಿದೆ.

ಮೊದಲು ಹೆಸರುಗಳಿಂದ ಆರಂಭಿಸೋಣ. ನಮ್ಮ ಹಿರಿಯರು ಮಣ್ಣನ್ನು ಒಂದೇ ಹೆಸರಿನಿಂದ ಕರೆದವರಲ್ಲ. ಆಳವಾದ ಕಪ್ಪು ಮಣ್ಣು ಎರೆ, ಕೆಂಪು ಬೆರೆತದ್ದು ಮಸಾರಿ, ದಿಬ್ಬದ ಮೇಲಿನ ತೆಳು ನೆಲ ಮಡ್ಡಿ, ಅದರ ಕೆಳಗಿನ ಪುಡಿಗಲ್ಲು ಗರಸು, ಉಪ್ಪೇರಿದ ನೆಲ ಸವಳು. ಪಕ್ಕದ ಮರಾಠಿ ಮನೆಗಳಲ್ಲಿ ಇದೇ ಮಡ್ಡಿ ಮಾಳವಾಗುತ್ತದೆ, ಬರಡವಾಗುತ್ತದೆ, ಗರಸು ಮುರುಮವಾಗುತ್ತದೆ. ನಮ್ಮ ಮಕ್ಕಳು ಎರಡೂ ಭಾಷೆಯ ಈ ಶಬ್ದಗಳನ್ನು ಮನೆಯಿಂದಲೇ ತರುತ್ತಾರೆ. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಮುದ್ರಿಸಿ ಕೊಡುತ್ತಿರುವುದು ಗಡಿಭಾಗದ ನಮ್ಮಂಥ ಶಾಲೆಗಳಿಗೆ ದೊಡ್ಡ ಉಪಕಾರ. ಆದರೆ ಇಡೀ ರಾಜ್ಯಕ್ಕಾಗಿ ಬರೆದ ಪಾಠದಲ್ಲಿ ಉಮದಿಯ ಮಡ್ಡಿಗೆ ಹೆಚ್ಚು ಸ್ಥಳ ಸಿಗಲಾರದು. ಆ ಪಾಠವನ್ನು ನಾವೇ ಹೇಳಿಕೊಳ್ಳಬೇಕು.

ಈ ಮಣ್ಣು ಎಲ್ಲಿಂದ ಬಂತು? ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖಣದ ನೆಲ ಬಿರಿದು ಲಾವಾರಸ ಪದರ ಪದರವಾಗಿ ಹರಿಯಿತು. ಆರಿದ ಆ ರಸವೇ ನಮ್ಮ ಕರಿಕಲ್ಲು. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿರುವುದೂ, ಬಾವಿಗಳ ಪಾವಟಿಗೆಯಲ್ಲಿರುವುದೂ ಅದೇ. ಬಿಸಿಲು, ಮಳೆ, ಗಾಳಿ, ಬೇರುಗಳು ಸೇರಿ ಆ ಕಲ್ಲನ್ನು ಮೊದಲು ಗರಸಾಗಿಸುತ್ತವೆ. ಗರಸು ಮತ್ತೆ ಕರಗಿ ಜಿಗಟು ಮಣ್ಣಾಗುತ್ತದೆ. ಒಂದು ಅಂಗುಲ ಮಣ್ಣು ಮೂಡಲು ನೂರಾರು ವರ್ಷ ಬೇಕು. ಈ ಶಾಲೆಯ ಇಡೀ ಒಂದು ಶತಮಾನದ ಆಯುಷ್ಯದಲ್ಲಿ ಕೆಳಗಿನ ಕಲ್ಲು ನಮಗೆ ಹೊಸದಾಗಿ ಕೊಟ್ಟ ಮಣ್ಣು ಕೆಲವೇ ಮಿಲಿಮೀಟರಿನಷ್ಟು. ನಾಲ್ಕು ತಲೆಮಾರಿನ ಮಕ್ಕಳು ಅಕ್ಷರ ಕಲಿತು ಹೊರಬಂದ ಕಾಲದಲ್ಲಿ ನೆಲ ಸಂಪಾದಿಸಿದ್ದು ಇಷ್ಟೇ.

ಹಾಗಾದರೆ ಕೆಲವು ಕಡೆ ಆಳುದ್ದ ಎರೆ ಹೇಗೆ ಬಂತು, ನಮ್ಮಲ್ಲಿ ಗೇಣು ಮಾತ್ರ ಏಕೆ ಉಳಿಯಿತು? ಉತ್ತರ ಇಳಿಜಾರಿನಲ್ಲಿದೆ. ದಿಬ್ಬದ ಮೇಲೆ ಹುಟ್ಟಿದ ಮಣ್ಣು ದಿಬ್ಬದ ಮೇಲೆ ನಿಲ್ಲುವುದಿಲ್ಲ. ಮಳೆಯ ನೀರು ಅದರ ನುಣುಪಾದ ಭಾಗವನ್ನು ತಗ್ಗಿಗೆ ಒಯ್ಯುತ್ತದೆ. ಮೇಲೆ ಕಲ್ಲುಹರಳು, ಗರಸು, ತೆಳುವಾದ ಜಿಗಟು ಉಳಿಯುತ್ತವೆ. ನಮ್ಮ ಜತ್ತ ತಾಲೂಕಿನಲ್ಲಿ ಹುಟ್ಟುವ ಡೋಣಿ ನದಿ ವಿಜಯಪುರ ಜಿಲ್ಲೆಯಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತದೆ. ಡೋಣಿ ಹರಿದರೆ ಓಣಿ ತುಂಬ ಕಾಳು ಎಂಬ ಅರ್ಥದ ಗಾದೆ ಆ ಕಡೆಯ ಜನರ ಬಾಯಲ್ಲಿದೆ. ಆ ದಂಡೆಯ ಜೋಳದ ಹೊಲಗಳಲ್ಲಿ ಮೇಲಿನ ದಿಬ್ಬಗಳಿಂದ ಇಳಿದುಹೋದ ಮಣ್ಣೂ ಇದೆ. ಇತ್ತ ಮಂಗಳವೇಢೆಯ ಬಯಲನ್ನು ನೋಡಿರಿ. ಬಿಜ್ಜಳನ ಕಾಲದ ಆ ಪ್ರಸಿದ್ಧ ಊರು ಇಂದಿಗೂ ಜೋಳದ ಕಣಜವೆಂದೇ ಹೆಸರುವಾಸಿ. ಅಲ್ಲಿಯ ಜೋಳಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಅದೇ ಆಕಾಶ, ಹೆಚ್ಚುಕಡಿಮೆ ಅದೇ ಮಳೆ. ವ್ಯತ್ಯಾಸವಿರುವುದು ಮಣ್ಣಿನ ಆಳದಲ್ಲಿ.

ಮಣ್ಣನ್ನು ಅಳೆಯುವವರು 25 ಸೆಂಟಿಮೀಟರಿಗಿಂತ ಕಡಿಮೆ ಆಳವಿರುವುದನ್ನು ಅತಿ ತೆಳು ಎಂದೂ, 25ರಿಂದ 50ರವರೆಗಿನದನ್ನು ತೆಳು ಎಂದೂ, 100 ಸೆಂಟಿಮೀಟರಿಗೆ ಮೇಲ್ಪಟ್ಟುದನ್ನು ಆಳದ ಮಣ್ಣು ಎಂದೂ ವಿಂಗಡಿಸುತ್ತಾರೆ. ನಮ್ಮ ಅಜ್ಜಂದಿರು ಇದನ್ನೇ ಗೇಣು, ಮೊಳ, ಆಳು ಎಂದು ಅಳೆದರು. ಗೇಣೆಂದರೆ ಸುಮಾರು ಒಂಬತ್ತು ಅಂಗುಲ. ಗೇಣು ಹೊಟ್ಟೆಗಾಗಿ ಎಷ್ಟೊಂದು ಕಷ್ಟ ಎನ್ನುವ ಮಾತು ನಮ್ಮಲ್ಲಿ ದಿನನಿತ್ಯದ್ದು. ಗೇಣು ಮಣ್ಣಿನಿಂದ ಗೇಣು ಹೊಟ್ಟೆ ತುಂಬಿಸಬೇಕಾದುದೇ ನಮ್ಮ ಭಾಗದ ಕಥೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಗಣಿತದ ಗುರುಗಳು ಇಲ್ಲಿಯೇ ಇದ್ದಾರೆ, ತಪ್ಪಿದರೆ ತಿದ್ದಿಯಾರು. ಜಿಗಟು ಮಣ್ಣು ನೀರನ್ನು ಹಿಡಿದಿಡುವುದರಲ್ಲಿ ಉದಾರ. ಒಂದು ಮೀಟರ್ ಆಳದ ಎರೆಮಣ್ಣು ಬೆಳೆಗೆ ದಕ್ಕುವಂಥ ಸುಮಾರು 180 ಮಿಲಿಮೀಟರ್ ನೀರನ್ನು ತನ್ನಲ್ಲಿ ಇಟ್ಟುಕೊಳ್ಳಬಲ್ಲದು. ಅದೇ ಮಣ್ಣು ಗೇಣುದ್ದವಿದ್ದರೆ 40 ಮಿಲಿಮೀಟರಿನಷ್ಟೇ ಉಳಿಯುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ನಾಲ್ಕು ಸಾವಿರ ಲೀಟರ್. ಹಾಗಾಗಿ ಆಳದ ಹೊಲದ ಒಂದು ಎಕರೆ ಏಳು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಮಣ್ಣಿನಲ್ಲೇ ಕೂಡಿಡುತ್ತದೆ. ನಮ್ಮ ಮಡ್ಡಿಯ ಎಕರೆ ಒಂದೂವರೆ ಲಕ್ಷ ಲೀಟರಿಗೆ ತುಂಬಿಹೋಗುತ್ತದೆ. ಹಿಂಗಾರಿ ಬಿಳಿಜೋಳ ಮಳೆ ನಿಂತ ಮೇಲೆ, ಮಣ್ಣಿನೊಳಗಿನ ಹಸಿಯನ್ನೇ ಕುಡಿದು ಬೆಳೆಯುವ ಬೆಳೆ. ಮಂಗಳವೇಢೆಯ ಎರೆಯಲ್ಲಿ ಅದಕ್ಕೆ ಸಂಕ್ರಾಂತಿಯ ಆಚೆಗೂ ಹಸಿ ಸಿಗುತ್ತದೆ. ನಮ್ಮ ಮಡ್ಡಿಯಲ್ಲಿ ಹಾಗಲ್ಲ. ತೆನೆ ಹೊಡೆಯುವ ಹೊತ್ತಿಗೆ ಬೇರು ಗರಸನ್ನು ಮುಟ್ಟಿರುತ್ತದೆ, ಹಸಿ ಮುಗಿದಿರುತ್ತದೆ. ರೈತನ ಸೋಮಾರಿತನ ಎಂದೋ ಹಣೆಬರಹ ಎಂದೋ ಜನ ಆಡಿಕೊಳ್ಳುವ ಎಷ್ಟೋ ಸೋಲುಗಳಿಗೆ ಕಾರಣ ಈ ಲೆಕ್ಕದಲ್ಲಿದೆ.

ಮಳೆಯ ಮಾತನ್ನೂ ಇದರೊಡನೆ ಕೂಡಿಸಿಕೊಳ್ಳಬೇಕು. ಸಹ್ಯಾದ್ರಿಯ ನೆತ್ತಿಯಲ್ಲಿರುವ ಮಹಾಬಳೇಶ್ವರಕ್ಕೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಬೆಟ್ಟ ದಾಟಿ ಬಂದ ಮೋಡ ಬರಿಗೈಯಲ್ಲಿ ಬರುತ್ತದೆ. ಮಳೆನೆರಳಿನ ಈ ತಾಲೂಕಿಗೆ ದಕ್ಕುವುದು ಒಳ್ಳೆಯ ವರ್ಷದಲ್ಲಿ ಸುಮಾರು 500 ಮಿಲಿಮೀಟರ್. ಅದೂ ಹದವಾಗಿ ಹಂಚಿ ಬರುವುದಿಲ್ಲ. ಜೂನ್ ತಿಂಗಳಲ್ಲಿ ಮುಖ ತೋರಿಸಿ ಮಾಯವಾಗುತ್ತದೆ. ಸಪ್ಟೆಂಬರಿನಲ್ಲಿ ನಾಲ್ಕು ದಿನಗಳಲ್ಲಿ ಸುರಿದು ಹೋಗುತ್ತದೆ. ಜಿಗಟು ಮಣ್ಣಿನ ಇನ್ನೊಂದು ಸ್ವಭಾವ ಇಲ್ಲಿ ಕೆಲಸ ಮಾಡುತ್ತದೆ. ಒಣಗಿದಾಗ ಅದು ಕುಗ್ಗಿ ಬಿರುಕು ಬಿಡುತ್ತದೆ. ನೆನೆದಾಗ ಹಿಗ್ಗಿ ಬಿರುಕನ್ನು ಮುಚ್ಚಿಕೊಳ್ಳುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಜಾತಿಯ ಖನಿಜದ ಗುಣ ಅದು. ಮೊದಲ ಮಳೆ ಬಿರುಕಿನೊಳಗೆ ಸಲೀಸಾಗಿ ಇಳಿಯುತ್ತದೆ. ಬಿರುಕು ಮುಚ್ಚಿದ ಮೇಲೆ ಬಿರುಸಾಗಿ ಬಿದ್ದ ಮಳೆಗೆ ಒಳಗೆ ಹೋಗಲು ದಾರಿಯಿಲ್ಲ. ಅದು ಮೇಲೆಯೇ ಹರಿದು ಹಳ್ಳ ಹಿಡಿಯುತ್ತದೆ, ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಎಕರೆಯಿಂದ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋಯಿತೆಂದರೆ ಸುಮಾರು ಐದು ಟನ್ ಹೋದಂತೆ. ನಮ್ಮ ಹೊಲದಿಂದ ಯಾರಾದರೂ ರಾತ್ರಿ ಬಂದು ಎರಡು ಟ್ರಾಲಿ ಮಣ್ಣು ತುಂಬಿಕೊಂಡು ಹೋದರೆ ನಾವು ಪಂಚಾಯಿತಿ ಸೇರಿಸುತ್ತೇವೆ. ಒಂದು ಅಡ್ಡಮಳೆ ಅದನ್ನೇ ಮಾಡಿದರೆ ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ.

ಇಂಥ ನೆಲದಲ್ಲಿ ಹಿರಿಯರು ಹೇಗೆ ಬಾಳಿದರು? ಅವರು ಎಲ್ಲ ನೆಲವನ್ನೂ ಉಳಲಿಲ್ಲ. ತಗ್ಗಿನ ಎರೆಯಲ್ಲಿ ಜೋಳ, ಕಡಲೆ, ಕುಸುಬಿ. ಮೊಳ ಆಳದ ನೆಲದಲ್ಲಿ ಸಜ್ಜೆ, ತೊಗರಿ, ಹುರುಳಿ, ಮಡಕಿ. ಗೇಣಿನ ಮಡ್ಡಿಯಲ್ಲಿ ಹುಲ್ಲು. ಆಳಕ್ಕೆ ತಕ್ಕ ಬೆಳೆ ಎಂಬುದು ಅವರ ನೀತಿಯಾಗಿತ್ತು. ಮಡ್ಡಿಯಲ್ಲಿ ಬೆಳೆಯುವ ಹುಲ್ಲು ನೋಡುವುದಕ್ಕೆ ಬಡವು. ಆದರೆ ಅದರ ಬೇರು ಗೇಣು ಮಣ್ಣನ್ನು ಬಲೆಯಂತೆ ಹಿಡಿದಿರುತ್ತದೆ. ಬಿರುಸು ಮಳೆಯ ಹನಿ ನೆಲಕ್ಕೆ ಬಡಿಯುವ ಮುನ್ನ ಗರಿಗೆ ಬಡಿದು ಮೆತ್ತಗಾಗುತ್ತದೆ. ಬೇವು, ಜಾಲಿ, ಬನ್ನಿ, ಬಾರಿ, ತಂಗಡಿಗಳು ಗರಸಿನ ಸಂದಿಯಲ್ಲಿ ಬೇರಿಳಿಸಿ ನಿಲ್ಲುತ್ತವೆ. ಉಳದೆ ಬಿಟ್ಟ ನೆಲ ಸುಮ್ಮನೆ ಬಿದ್ದ ನೆಲವಲ್ಲ. ಅದು ಮೇವಿನ ನೆಲ, ಮಳೆನೀರು ಇಂಗುವ ನೆಲ, ತಗ್ಗಿನ ಬಾವಿಯ ತಾಯಿನೆಲ.

ಆ ಮೇವಿನ ನೆಲದ ಮೇಲೆ ಕುರಿ ಬಂತು. ನಮ್ಮ ತಾಲೂಕಿನ ಮಾಡಗ್ಯಾಳ ಊರಿನ ಹೆಸರಿನಿಂದಲೇ ಪ್ರಸಿದ್ಧವಾದ ಕುರಿಯನ್ನು ಇಲ್ಲಿ ನೋಡದವರಿಲ್ಲ. ಗಿಣಿಯಂತೆ ಬಾಗಿದ ಮೂಗು, ಎತ್ತರದ ನಿಲುವು, ಕಂದು ಮಚ್ಚೆ. ದೂರ ನಡೆದು ಬಡ ಹುಲ್ಲನ್ನು ಮಾಂಸವಾಗಿಸುವ ಶಕ್ತಿ ಅದಕ್ಕಿದೆ. ದೀಪಾವಳಿಯ ಅಮಾವಾಸ್ಯೆಗೆ ನೆರೆಯ ಹುಲಜಂತಿಯ ಮಾಳಿಂಗರಾಯನ ಜಾತ್ರೆಯಲ್ಲಿ ಡೊಳ್ಳು ಬಾರಿಸುತ್ತ ಕರ್ನಾಟಕ, ಮಹಾರಾಷ್ಟ್ರಗಳ ಕುರುಬರು, ಧನಗರರು ಲಕ್ಷಾಂತರವಾಗಿ ಕೂಡುವುದು ಈ ಮೇವಿನ ನೆಲ ಕಟ್ಟಿದ ಬಾಂಧವ್ಯದಿಂದಲೇ. ಸುಗ್ಗಿ ಮುಗಿದ ಮೇಲೆ ರೈತ ತನ್ನ ಹೊಲದಲ್ಲಿ ಕುರಿ ತರುಬಿಸಿಕೊಂಡು, ಕುರಿಗಾರನಿಗೆ ಕಾಳು ಕೊಡುತ್ತಿದ್ದ. ಮಡ್ಡಿಯ ಹುಲ್ಲು ಕುರಿಯ ಹೊಟ್ಟೆಯ ಮೂಲಕ ಎರೆಯ ಗೊಬ್ಬರವಾಗುತ್ತಿತ್ತು. ಮೇಲಿನ ನೆಲವೂ ಕೆಳಗಿನ ನೆಲವೂ ಹೀಗೆ ಒಂದನ್ನೊಂದು ಸಾಕುತ್ತಿದ್ದವು. 2026ನೆಯ ವರ್ಷವನ್ನು ಸಂಯುಕ್ತ ರಾಷ್ಟ್ರ ಸಂಘ ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಮಂಗೋಲಿಯಾದ, ಪೂರ್ವ ಆಫ್ರಿಕಾದ ಕುರಿಗಾರರೊಡನೆ ಉಮದಿಯ ಕುರಿಗಾರನಿಗೂ ಸೇರಿದ ವರ್ಷ ಅದು ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಆದರೂ ಹಿಂದಿನದೆಲ್ಲ ಚಿನ್ನದ ಕಾಲವಾಗಿತ್ತು ಎಂದು ನಾವು ಹೇಳುವುದಿಲ್ಲ. 1876ರಿಂದ 1878ರವರೆಗಿನ ಮಹಾ ಬರ ಈ ಸೀಮೆಯನ್ನು ಬರಿದು ಮಾಡಿತು. 1972ರ ಬರವನ್ನು ಕಂಡವರು ಈ ಸಭೆಯಲ್ಲಿಯೇ ಇದ್ದಾರೆ. ಕಲ್ಲು ಒಡೆದು, ರಸ್ತೆ ಹಾಕಿ, ಕೆರೆ ಅಗೆದು ದಿನ ಕಳೆದ ತಾಯಂದಿರ ಕೈಯ ಗಂಟುಗಳು ಇನ್ನೂ ಕರಗಿಲ್ಲ. ಬರವೇ ಕೆಲವು ಒಳ್ಳೆಯ ವಿಚಾರಗಳನ್ನೂ ಹುಟ್ಟಿಸಿತು. 1933ರಲ್ಲಿ ಸೊಲ್ಲಾಪುರದಲ್ಲಿಯೂ ವಿಜಯಪುರದಲ್ಲಿಯೂ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಆ ಎರಡು ನಗರಗಳ ನಡುವೆ ನಮ್ಮ ಊರಿದೆ. ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕುವುದು, ಬೀಜವನ್ನು ವಿರಳವಾಗಿ ಬಿತ್ತುವುದು, ಎಡೆ ಹೊಡೆದು ಬಿರುಕು ಮುಚ್ಚಿ ಹಸಿ ಕಾಯುವುದು, ಕೊಟ್ಟಿಗೆ ಗೊಬ್ಬರ ಹಾಕುವುದು ಎಂಬ ಪಾಠಗಳು ಅಲ್ಲಿ ಗಟ್ಟಿಯಾದವು. ನಮ್ಮ ಜಿಲ್ಲೆಯವರೇ ಆದ ವಿ. ಸ. ಪಾಗೆಯವರ ವಿಚಾರದಂತೆ 1965ರಲ್ಲಿ ತಾಸಗಾಂವದಲ್ಲಿ ಪ್ರಯೋಗವಾಗಿ ನಡೆದ ಕೆಲಸದ ಯೋಜನೆ 1977ರಲ್ಲಿ ಮಹಾರಾಷ್ಟ್ರದ ಉದ್ಯೋಗ ಖಾತರಿ ಕಾಯ್ದೆಯಾಯಿತು. 2005ರಲ್ಲಿ ಇಡೀ ದೇಶಕ್ಕೆ ಅಂಥದೇ ಕಾಯ್ದೆ ಬಂತು. ಕೂಲಿ ಕೇಳುವ ಕೈಗೆ ಮಣ್ಣು ಕಾಯುವ ಕೆಲಸ ಕೊಡಬೇಕೆಂಬ ಚಿಂತನೆ ಬರದ ಸೀಮೆ ದೇಶಕ್ಕೆ ಕೊಟ್ಟ ಕಾಣಿಕೆ.

ಇನ್ನು ಇಂದಿನ ಮಾತು. ಕಳೆದ ಕೆಲವು ದಶಕಗಳಲ್ಲಿ ಮೂರು ಬದಲಾವಣೆಗಳನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ.

ಮೊದಲನೆಯದು, ಮಡ್ಡಿಗೆ ನೇಗಿಲು ಬಂದದ್ದು. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿ ಚಿಕ್ಕದಾದಂತೆ ಉಳಬಾರದ ನೆಲವನ್ನೂ ಉಳಬೇಕಾಯಿತು. ಟ್ರ್ಯಾಕ್ಟರಿನ ನೇಗಿಲು ಗೇಣು ಮಣ್ಣನ್ನು ಮಗುಚಿ ಗರಸನ್ನು ಮೇಲಕ್ಕೆ ತರುತ್ತದೆ. ಹುಲ್ಲಿನ ಬೇರು ಹರಿದ ಮೇಲೆ ಮಣ್ಣಿಗೆ ಹಿಡಿತವಿಲ್ಲ. ಉಳಿದಿರುವ ಗಾಯರಾನದ ಮೇಲೆ ಎಲ್ಲರ ದನ, ಕುರಿ, ಮೇಕೆಗಳ ಭಾರ ಬೀಳುತ್ತದೆ. ಹುಲ್ಲು ಬೀಜ ಕಟ್ಟುವ ಮೊದಲೇ ಮೇಯಿಸಿದರೆ ಮರುವರ್ಷಕ್ಕೆ ಹುಲ್ಲಿಲ್ಲ. ಹಸಿ ಜಿಗಟಿನ ಮೇಲೆ ಹಿಂಡು ತುಳಿದರೆ ನೆಲ ಕಲ್ಲಾಗಿ ನೀರು ಇಂಗುವುದಿಲ್ಲ. ಒಳ್ಳೆಯ ಹುಲ್ಲು ಹೋದ ಜಾಗದಲ್ಲಿ ಉಣ್ಣೆಗೆ ಚುಚ್ಚುವ ಮುಳ್ಳುಬೀಜದ ಹುಲ್ಲೂ, ಬಳ್ಳಾರಿ ಜಾಲಿಯೂ ಬಂದು ಕೂರುತ್ತವೆ.

ಎರಡನೆಯದು, ದಾಳಿಂಬೆ ಮತ್ತು ದ್ರಾಕ್ಷಿ. ಇದು ನಮ್ಮ ರೈತರ ಜಾಣ್ಮೆಯ ಕಥೆ. ಜೋಳಕ್ಕೆ ಸೋತ ಮಡ್ಡಿಯೇ ದಾಳಿಂಬೆಗೆ ಗೆದ್ದಿತು. ದಾಳಿಂಬೆಯ ಬೇರಿಗೆ ನೀರು ನಿಲ್ಲಬಾರದು. ಗರಸು ನೀರನ್ನು ಬಸಿದುಬಿಡುತ್ತದೆ. ಹೂ ಬರಿಸಬೇಕಾದರೆ ಗಿಡಕ್ಕೆ ಕೆಲವು ವಾರ ನೀರು ತಡೆಹಿಡಿದು ಎಲೆ ಉದುರಿಸಬೇಕು. ತೆಳು ಮಣ್ಣು ಬೇಗ ಒಣಗುವುದರಿಂದ ಆ ಕೆಲಸ ಸುಲಭ. ಸೊಲ್ಲಾಪುರದಲ್ಲಿ ದಾಳಿಂಬೆಗಾಗಿಯೇ 2005ರಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ನಮ್ಮ ಒಣ ಹವೆ ದ್ರಾಕ್ಷಿಯನ್ನು ಒಣದ್ರಾಕ್ಷಿಯಾಗಿಸಲು ಅನುಕೂಲ. ಸಾಂಗಲಿಯ ಒಣದ್ರಾಕ್ಷಿಗೂ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಈ ಶಾಲೆಯ ಎಷ್ಟೋ ಮಕ್ಕಳ ಶುಲ್ಕ, ಪುಸ್ತಕ, ಮುಂದಿನ ಓದು ಈ ತೋಟಗಳಿಂದಲೇ ನಡೆದಿವೆ. ಆದರೆ ತೋಟದ ನೀರು ಬೋರ್‌ವೆಲ್ಲಿನದು. ಗೇಣು ಮಣ್ಣಿನ ಕೆಳಗೆ ಕರಿಕಲ್ಲು. ಅದರ ಬಿರುಕಿನಲ್ಲಿರುವ ನೀರು ಮಿತವಾದದ್ದು. ಒಬ್ಬರು ಆಳಕ್ಕೆ ಕೊರೆದಂತೆ ಪಕ್ಕದವರು ಇನ್ನೂ ಆಳಕ್ಕೆ ಕೊರೆಯಬೇಕಾಗುತ್ತದೆ. ಮೇಲೆ ಮಡ್ಡಿಯ ಹುಲ್ಲು ನೀರಿಂಗಿಸದಿದ್ದರೆ ಕೆಳಗೆ ಬೋರಿಗೆ ನೀರೆಲ್ಲಿಂದ ಬರಬೇಕು?

ಮೂರನೆಯದು, ಕೃಷ್ಣೆಯ ನೀರಿನ ನಿರೀಕ್ಷೆ. ಮ್ಹೈಸಾಳದಿಂದ ನೀರನ್ನು ಮೇಲೆತ್ತುವ ಯೋಜನೆಯನ್ನು ತಾಲೂಕಿನ ಪೂರ್ವ ಭಾಗದ ಹಳ್ಳಿಗಳವರೆಗೆ ವಿಸ್ತರಿಸಬೇಕೆಂಬುದು ನಮ್ಮೆಲ್ಲರ ದಶಕಗಳ ಹಂಬಲ. ನೀರು ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಕಬ್ಬಿನ ಗ್ಯಾಂಗಿನೊಡನೆ ಮಕ್ಕಳು ಹೋಗುವುದು ನಿಲ್ಲಬೇಕಾದರೆ ಮನೆಯ ಹೊಲದಲ್ಲಿ ವರ್ಷವಿಡೀ ಕೆಲಸವಿರಬೇಕು. ಆದರೆ ನೀರಿನ ಜೊತೆಗೆ ಒಂದು ಎಚ್ಚರಿಕೆಯೂ ಬರಬೇಕು. ನಮ್ಮದೇ ಜಿಲ್ಲೆಯ ವಾಳವಾ, ಪಲೂಸ, ಮಿರಜ ಭಾಗದ ಕೃಷ್ಣಾ ತೀರದಲ್ಲಿ, ಚಿನ್ನದಂಥ ಆಳದ ಎರೆಯಲ್ಲಿ, ಅತಿಯಾದ ನೀರಿನಿಂದ ಸಾವಿರಾರು ಎಕರೆ ಸವಳು-ಜವಳಾಗಿದೆ. ನಮ್ಮ ಗೇಣು ಮಣ್ಣು 40 ಮಿಲಿಮೀಟರ್ ನೀರಿಗೆ ತುಂಬುತ್ತದೆ ಎಂದು ಈಗಷ್ಟೇ ಲೆಕ್ಕ ಮಾಡಿದೆವು. ಹಾಯಿ ನೀರು ಬಿಟ್ಟು 100 ಮಿಲಿಮೀಟರ್ ಹರಿಸಿದರೆ ಅರ್ಧಕ್ಕಿಂತ ಹೆಚ್ಚು ನೀರು ಗರಸಿನೊಳಗೆ ಇಳಿದು, ಹಾಕಿದ ಗೊಬ್ಬರವನ್ನೂ ಸುಣ್ಣದ ಪದರಿನ ಲವಣವನ್ನೂ ಹೊತ್ತು ತಗ್ಗಿನವರ ಹೊಲದಲ್ಲಿ ಮೇಲೇಳುತ್ತದೆ. ಮೇಲಿನವನ ಅತಿನೀರು ಕೆಳಗಿನವನ ಸವಳಾಗುತ್ತದೆ. ಆದ್ದರಿಂದ ಈ ನೆಲಕ್ಕೆ ಬೇಕಾದುದು ಹನಿ ನೀರು, ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ. ನೀರು ಬರುವ ಮುಂಚೆಯೇ ಇದನ್ನು ತಿಳಿಯುವುದು ಉತ್ತಮ. ಸವಳಾದ ಮೇಲೆ ತಿಳಿಯುವುದಕ್ಕೆ ಬೆಲೆ ಹೆಚ್ಚು.

ಇಷ್ಟನ್ನು ತಿಳಿದು ಶಾಲೆಯವರಾದ ನಾವು ಏನು ಮಾಡುತ್ತಿದ್ದೇವೆ ಎಂದು ನೀವು ಕೇಳಬೇಕು. ಬೇಸಿಗೆಯ ರಜೆಯ ಮೊದಲು ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆವು. ಪ್ರತಿಯೊಬ್ಬರೂ ತಮ್ಮ ಹೊಲದ ಮೂರು ಕಡೆ, ಎತ್ತರದಲ್ಲಿ, ನಡುವೆ, ತಗ್ಗಿನಲ್ಲಿ, ಗರಸು ಸಿಗುವವರೆಗೆ ಗುದ್ದಲಿಯಿಂದ ಅಗೆದು ಆಳವನ್ನು ಅಳೆದು ತರಬೇಕು; ಮನೆಯ ಹಿರಿಯರನ್ನು ಕೇಳಿ ಆ ನೆಲದ ಹೆಸರನ್ನೂ, ಮೊದಲು ಅಲ್ಲಿ ಏನು ಬೆಳೆಯುತ್ತಿದ್ದರು ಎಂಬುದನ್ನೂ ಬರೆದು ತರಬೇಕು. ಹೊಲವಿಲ್ಲದ ಮಕ್ಕಳಿಗೆ ಗಾಯರಾನವೇ ಹೊಲ. ಮಕ್ಕಳು ತಂದ ಅಳತೆಗಳನ್ನು ಗೋಡೆಯ ನಕ್ಷೆಯ ಮೇಲೆ ಬಣ್ಣದಿಂದ ತುಂಬಿದೆವು. ಎಲ್ಲಿ ಹುಲ್ಲಿರಬೇಕು, ಎಲ್ಲಿ ಗಿಡವಿರಬೇಕು, ಎಲ್ಲಿ ಕಾಳಿರಬೇಕು ಎಂಬುದನ್ನು ಆ ನಕ್ಷೆ ತಾನಾಗಿಯೇ ಹೇಳುತ್ತಿದೆ. ಅಜ್ಜ ಅಜ್ಜಿಯರು ಹೇಳಿದ ಶಬ್ದಗಳಿಂದ ಮಕ್ಕಳ ಕೈಬರಹದಲ್ಲಿಯೇ ಒಂದು ಚಿಕ್ಕ ಕೋಶವೂ ಸಿದ್ಧವಾಗುತ್ತಿದೆ. ಓದುಬರಹ ಬಾರದ ಅಜ್ಜಿಯೊಬ್ಬಳು ಮೊಮ್ಮಗಳ ಪಾಠಕ್ಕೆ ಗುರುವಾಗುವುದು ಮಾತೃಭಾಷೆಯ ಶಾಲೆಯಲ್ಲಿ ಮಾತ್ರ ಸಾಧ್ಯ. ಕನ್ನಡ ಮಾಧ್ಯಮ ಏಕೆ ಬೇಕು ಎಂದು ಕೇಳುವವರಿಗೆ ನಾವು ಆ ಕೋಶವನ್ನು ತೋರಿಸಬಹುದು.

ಈ ಶತಮಾನೋತ್ಸವದ ನೆನಪಿಗಾಗಿ ನಿಮ್ಮ ಮುಂದೆ ಕೆಲವು ಬೇಡಿಕೆಗಳನ್ನು ಇಡುತ್ತೇವೆ.

ಪಾಲಕರಲ್ಲಿ ಒಂದು ವಿನಂತಿ. ನಿಮ್ಮ ಹೊಲದಲ್ಲಿ ಗೇಣಿಗಿಂತ ತೆಳುವಾದ ಮಡ್ಡಿಯಿದ್ದರೆ, ಅದರ ಒಂದು ಪಾಲನ್ನಾದರೂ ನೇಗಿಲು ತಾಗಿಸದೆ ಹುಲ್ಲಿಗೆ ಬಿಡಿರಿ. ಮಳೆಗಾಲದ ಮೂರು ತಿಂಗಳು ಅಲ್ಲಿ ದನ ಬಿಡದೆ, ಬೀಜ ಉದುರಿದ ಮೇಲೆ ಕೊಯ್ದು ತಂದು ಹಾಕಿರಿ. ಅರ್ಧ ಕೊಯ್ದು ಅರ್ಧವನ್ನು ನೆಲಕ್ಕೆ ಬಿಡಿರಿ. ಇಳಿಜಾರಿಗೆ ಅಡ್ಡವಾಗಿ ಹಾಕಿದ ಹಳೆಯ ಒಡ್ಡು ಒಡೆದಿದ್ದರೆ ಮುಂಗಾರಿಗೆ ಮೊದಲೇ ಕಟ್ಟಿರಿ. ಕೆರೆಯ ಹೂಳನ್ನು ಹೊಲಕ್ಕೆ ಹಾಕಿಕೊಳ್ಳಲು 2017ರಿಂದ ರಾಜ್ಯ ಸರ್ಕಾರದ ಯೋಜನೆಯಿದೆ. ಕೆರೆಯ ಹೂಳೆಂದರೆ ನಮ್ಮ ಮಡ್ಡಿಯಿಂದ ಇಳಿದುಹೋದ ಮಣ್ಣೇ. ಅದನ್ನು ಮರಳಿ ಮನೆಗೆ ಕರೆತಂದಂತೆ. ಆದರೆ ಒಡ್ಡಿಲ್ಲದ ಹೊಲಕ್ಕೆ ಹೂಳು ಹಾಕುವುದು ತೂತಿನ ಚೀಲಕ್ಕೆ ಕಾಳು ತುಂಬಿದಂತೆ ಎಂಬುದು ನೆನಪಿರಲಿ. ಮತ್ತೊಂದು ವಿನಂತಿ: ಕಬ್ಬಿನ ಕೆಲಸಕ್ಕೆ ಹೋಗಲೇಬೇಕಾದಾಗ ಮಕ್ಕಳನ್ನು ಅಜ್ಜಿಯ ಬಳಿಯೋ, ಚಿಕ್ಕಪ್ಪನ ಮನೆಯಲ್ಲಿಯೋ ಬಿಟ್ಟುಹೋಗಿರಿ. ನಮಗೆ ಮುಂಚಿತವಾಗಿ ತಿಳಿಸಿದರೆ ಆ ಮಕ್ಕಳ ಊಟ, ಓದುಗಳ ಮೇಲೆ ನಮ್ಮ ಗುರುಬಳಗ ಕಣ್ಣಿಡುತ್ತದೆ.

ಮಾಜಿ ವಿದ್ಯಾರ್ಥಿಗಳಲ್ಲಿ ಒಂದು ಮಾತು. ನೀವು ಕಟ್ಟಡಕ್ಕೆ, ಗಣಕಯಂತ್ರಗಳಿಗೆ ಕೊಟ್ಟ ದೇಣಿಗೆಗೆ ಶಾಲೆ ಋಣಿಯಾಗಿದೆ. ನಿಮ್ಮಲ್ಲಿ ಕೃಷಿ ಓದಿದವರಿದ್ದೀರಿ, ಎಂಜಿನಿಯರುಗಳಿದ್ದೀರಿ, ಬ್ಯಾಂಕಿನಲ್ಲಿರುವವರಿದ್ದೀರಿ. ವರ್ಷಕ್ಕೆ ಒಂದು ದಿನ ಬಂದು ಮಕ್ಕಳೊಡನೆ ಮಡ್ಡಿಯ ಮೇಲೆ ನಡೆಯಿರಿ. ನಿಮ್ಮ ಮನೆಯ ಬೀಳುನೆಲವನ್ನು ಯಾರಿಗೋ ಗರಸು ತೆಗೆಯಲು ಕೊಡುವ ಮೊದಲು ಒಮ್ಮೆ ಯೋಚಿಸಿರಿ. ತೆಗೆದ ಗರಸು ಒಂದು ರಸ್ತೆಗೆ ಸಾಕಾದೀತು. ಹೋದ ನೆಲವನ್ನು ಮತ್ತೆ ಪಡೆಯಲು ಸಾವಿರ ವರ್ಷ ಬೇಕು.

ಸಹೋದ್ಯೋಗಿ ಗುರುಗಳಿಗೆ ಹೇಳಬೇಕಾದದ್ದು ಬಹಳವಿಲ್ಲ, ನೀವು ಮಾಡುತ್ತಲೇ ಇದ್ದೀರಿ. ಭೂಗೋಳದ ಪಾಠದಲ್ಲಿ ದಖ್ಖಣದ ಲಾವಾ ಬಂದಾಗ ಹೊರಗಿನ ಗೋಡೆಯ ಕಲ್ಲನ್ನು ಮುಟ್ಟಿಸಿರಿ. ಗಣಿತದಲ್ಲಿ ಘನಫಲ ಬಂದಾಗ ಒಡ್ಡಿನ ಮಣ್ಣನ್ನು ಲೆಕ್ಕ ಹಾಕಿಸಿರಿ. ಕುರಿ ಕಾಯುವ ಮನೆಯ ಮಗು ತರಗತಿಯಲ್ಲಿ ಹುಲ್ಲಿನ ಹೆಸರು ಹೇಳಿದಾಗ ಉಳಿದವರು ನಗದಂತೆ ನೋಡಿಕೊಳ್ಳಿರಿ. ಆ ಮಗುವಿಗೆ ಹತ್ತು ಹುಲ್ಲುಗಳ ಹೆಸರು, ರುಚಿ, ಋತು ಗೊತ್ತು. ಪದವಿ ಪಡೆದ ನಮಗೆ ಎರಡೋ ಮೂರೋ ಗೊತ್ತಿದ್ದರೆ ಹೆಚ್ಚು.

ಊರಿನ ಹಿರಿಯರಲ್ಲಿ ಕೊನೆಯ ಬೇಡಿಕೆ. ಗಾಯರಾನದಲ್ಲಿ ಎರಡು ಎಕರೆಯಷ್ಟು ಜಾಗವನ್ನು ಗ್ರಾಮಸಭೆಯ ಒಪ್ಪಿಗೆಯಿಂದ ಮಕ್ಕಳ ಹುಲ್ಲುಗಾವಲೆಂದು ಐದು ವರ್ಷ ಕಾಯಲು ಅವಕಾಶ ಕೊಡಿರಿ. ಕುರಿಗಾರರನ್ನೂ ಕೂಡಿಸಿಕೊಂಡೇ ಅದರ ನಿಯಮ ಮಾಡೋಣ. ಅವರನ್ನು ಹೊರಗಿಟ್ಟು ಮಾಡಿದ ಬೇಲಿ ಬಹಳ ದಿನ ನಿಲ್ಲುವುದಿಲ್ಲ. ಒಳಗಿನ ಹುಲ್ಲನ್ನೂ ಹೊರಗಿನ ನೆಲವನ್ನೂ ಮಕ್ಕಳು ಪ್ರತಿ ವರ್ಷ ಅಳೆದು ಬರೆಯುತ್ತಾರೆ. ಐದನೆಯ ವರ್ಷ ಆ ದಾಖಲೆಯನ್ನು ಇದೇ ಅಂಗಳದಲ್ಲಿ ನಿಮ್ಮ ಮುಂದೆ ಓದುತ್ತೇವೆ. ಅಂತರ ಕಂಡರೆ ಉಳಿದ ಗಾಯರಾನಕ್ಕೂ ಆ ನಿಯಮ ಅನ್ವಯಿಸೋಣ. ಕಾಣದಿದ್ದರೆ ಏಕೆ ಕಾಣಲಿಲ್ಲವೆಂದು ಕೂಡಿ ವಿಚಾರಿಸೋಣ.

ಉಮದಿ ಗಡಿಯ ಊರು. ಕಳೆದ ನೂರು ವರ್ಷಗಳಲ್ಲಿ ಈ ಊರು ಡಫಳೆ ಮನೆತನದ ಜತ್ತ ಸಂಸ್ಥಾನದ ಕಾಲವನ್ನು ಕಂಡಿತು, 1948ರ ವಿಲೀನವನ್ನು ಕಂಡಿತು, ಮುಂಬಯಿ ರಾಜ್ಯವನ್ನು ಕಂಡಿತು, 1960ರ ಮೇ 1ರಿಂದ ಮಹಾರಾಷ್ಟ್ರದಲ್ಲಿದೆ. ನಕ್ಷೆಯ ಗೆರೆಗಳು ಬದಲಾದವು. ಮಡ್ಡಿಯ ಹುಲ್ಲು, ಹಳ್ಳದ ಹರಿವು, ಕುರಿಯ ದಾರಿ ಆ ಗೆರೆಗಳನ್ನು ಕೇಳಲಿಲ್ಲ. ಕನ್ನಡದಲ್ಲಿ ಕಲಿತು, ಮರಾಠಿಯಲ್ಲಿ ವ್ಯವಹರಿಸಿ, ಎರಡರಲ್ಲೂ ನಕ್ಕು ಅತ್ತು ಬಾಳುತ್ತಿರುವ ನಮಗೆ ಈ ನೆಲ ಕಲಿಸಿದ ಪಾಠವೂ ಅದೇ: ಇರುವುದು ತೆಳುವಾಗಿದ್ದರೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿರಬೇಕು.

ಮುಂದಿನ ನೂರು ವರ್ಷಗಳಲ್ಲಿ ಕಲ್ಲು ನಮಗೆ ಮತ್ತೆ ಕೆಲವು ಮಿಲಿಮೀಟರ್ ಮಣ್ಣನ್ನು ಮಾತ್ರ ಕೊಡುತ್ತದೆ. ಅದಕ್ಕಿಂತ ಹೆಚ್ಚನ್ನು ಕಳೆಯದಿರುವುದು ನಮ್ಮ ಕೈಯಲ್ಲಿದೆ. ಎರಡು ನೂರು ತುಂಬಿದಾಗ ಇಲ್ಲಿ ನಿಂತು ಮಾತನಾಡುವ ಗುರುಗಳ ಎದುರಿಗೆ ಮಕ್ಕಳಿರಬೇಕಾದರೆ ಊರಿನಲ್ಲಿ ಜನವಿರಬೇಕು. ಜನವಿರಬೇಕಾದರೆ ಹೊಲದಲ್ಲಿ ಮಣ್ಣಿರಬೇಕು. ಆ ಹೊಣೆಯನ್ನು ಇಂದಿನಿಂದ ನಾವು ನೀವು ಕೂಡಿಯೇ ಹೊರೋಣ.